ಮಾವನವರ ನಾಸಪಾತಿ

ಲಿಂಗಸುಗೂರಿನವರೆಲ್ಲ ಮಳೆ ಬರಲೆಂದು ಮುಗಿಲು ನೋಡುತ್ತಿದ್ದರೆ, ಮಳೆ ಬರಬಾರದೆಂದು ಮುಗಿಲು ನೋಡುತ್ತಿದ್ದವರು ಒಬ್ಬರೇ ಒಬ್ಬರು. ಅವರು ನಮ್ಮ ಮಾವನವರು! ಆಷಾಢದಲ್ಲಿ ಊರ ಹಿರಿಯರು ಈಶ್ವರನ ಗುಡಿಯಲ್ಲಿ ಮಳೆಗಾಗಿ ಭಜನೆ ಹಚ್ಚಿದರೆ ಇವರೂ ಹೋಗಿ ಕೊನೆಯ ಸಾಲಿನಲ್ಲಿ ಕೂತು ತಾಳ ಹಾಕುತ್ತಿದ್ದರು. ಒಳಗೊಳಗೆ ಬೇಡುತ್ತಿದ್ದುದು ಮಾತ್ರ ಬೇರೆ. ಮಳೆ ತಡವಾಯಿತೆಂದು ಜನ ಗ್ರಹಗಳನ್ನು ಬೈಯುವಾಗ ನಾನು ಸೆರಗು ಮುಂದಕ್ಕೆಳೆದುಕೊಂಡು ಸುಮ್ಮನಿರುತ್ತಿದ್ದೆ. ತಪ್ಪಿತಸ್ಥರು ನಮ್ಮ ಮನೆಯಲ್ಲೇ ಇದ್ದಾರೆಂದು ಯಾವ ಬಾಯಿಂದ ಹೇಳಲಿ?

ಎಲ್ಲದಕ್ಕೂ ಕಾರಣ ಒಂದು ಮರ. ಬಹಳ ಹಿಂದೆ ಲಿಂಗಸುಗೂರಿನ ಛಾವಣಿ ಎಂಬ ಭಾಗದಲ್ಲಿ ಬಿಳಿಯರ ದಂಡು ಬೀಡುಬಿಟ್ಟಿತ್ತಂತೆ. ಅವರಲ್ಲಿ ಯಾರಿಗೋ ತನ್ನ ಊರು ನೆನಪಾಗಿ, ಈಗ ನಮ್ಮ ಹಿತ್ತಲಾಗಿರುವ ಜಾಗದಲ್ಲಿ, ಬಾವಿಯ ಪಕ್ಕ ಒಂದು ನಾಸಪಾತಿ ಸಸಿ ನೆಟ್ಟ. ಹಣ್ಣು ಬಿಡುವ ಮೊದಲೇ ಊರು ಬಿಟ್ಟ. ಜಾಣ! ಆ ಮರ ಸತ್ತು ಅದರ ಬುಡದಿಂದ ಎದ್ದದ್ದೇ ನಮ್ಮ ಮರ. ಚಳಿ ದೇಶದ ಗಿಡ ನಮ್ಮ ಬಿಸಿಲಿಗೆ ಒಣಗಿಹೋಗಬೇಕಿತ್ತು. ಒಣಗಲಿಲ್ಲ, ಸಿಟ್ಟಾಯಿತು. ಆ ಸಿಟ್ಟೆಲ್ಲ ಕಾಯಿಗೆ ಇಳಿದಿತ್ತು.

ನಿಜಾಮರ ಆಳ್ವಿಕೆ ಮುಗಿದ ಮರುವರ್ಷ ನಾನು ಮಸ್ಕಿಯಿಂದ ಆ ಮನೆಗೆ ಸೊಸೆಯಾಗಿ ಬಂದೆ. ಅತ್ತೆ ತೀರಿಕೊಂಡಿದ್ದರು. ಮನೆಯಲ್ಲಿ ಮಾವನವರು, ನನ್ನ ಗಂಡ, ಮದುವೆಯಾಗದ ನಾದಿನಿ, ಇಷ್ಟೇ ಜನ. ಮಾವನವರ ಮುಖವೋ, ಹನ್ನೆರಡು ತಿಂಗಳೂ ಈಗಷ್ಟೇ ಯಾರದೋ ಮಣ್ಣಿಗೆ ಹೋಗಿ ಬಂದವರ ಹಾಗೆ. ಆ ಮುಖದಲ್ಲೇ ನನ್ನ ಕೈಗೆ ಒಂದು ಕಾಯಿ ಕೊಟ್ಟರು. ಕಚ್ಚಿದೆ. ದವಡೆಯಲ್ಲಿ ಏನೋ ಕಟಕ್ಕೆಂದಿತು.

"ಹೆಂಗೈತವ್ವಾ?"

"ಭಾಳ ಛಲೋ ಐತ್ರಿ," ಎಂದೆ. ಕಾಯಿಯ ಮೇಲೆ ಒಂದು ಗೀರು ಕೂಡ ಬಿದ್ದಿರಲಿಲ್ಲ.

ನನ್ನ ಗಂಡ ಹಟ್ಟಿಯ ಚಿನ್ನದ ಗಣಿಯಲ್ಲಿ ಕೆಲಸಕ್ಕಿದ್ದು ವಾರಕ್ಕೊಮ್ಮೆ ಬರುತ್ತಿದ್ದರು. ಅವರ ಹತ್ತಿರ ದವಡೆ ನೋವು ಹೇಳಿಕೊಂಡರೆ, "ನಮ್ಮ ಗಣಿಯಾಗ ಕಲ್ಲು ಪುಡಿ ಮಾಡೋ ಯಂತ್ರ ಐತಿ. ಒಂದು ಚೀಲ ಒಯ್ದು ನೋಡೇನಂದ್ರ, ಯಂತ್ರ ಮುರದ್ರ ಕೆಲಸ ಹೋಗ್ತೈತಿ," ಎಂದರು.

ಇಂಥ ಕಾಯಿಯನ್ನು ಮಾವನವರು ಒಂದೂ ಬಿಡದೆ ಆರಿಸಿ, ತೆಳ್ಳಗೆ ಹೋಳು ಮಾಡಿ, ಉಪ್ಪುನೀರಿನಲ್ಲಿ ಅದ್ದಿ, ಮಾಳಿಗೆಯ ಮೇಲೆ ಚಾಪೆ ಹಾಸಿ ಒಣಗಿಸುತ್ತಿದ್ದರು. ಐದು ದಿನದ ಬಿಸಿಲು ಬೇಕು. ಕಾಯಿ ಬಲಿಯುವುದು ಯಾವಾಗ? ಸರಿಯಾಗಿ ಮಳೆಗಾಲದಲ್ಲಿ! ಆ ಐದು ದಿನ ಅವರು ಮಾಳಿಗೆ ಇಳಿಯುತ್ತಿರಲಿಲ್ಲ. ಊಟವನ್ನು ನಾನೇ ನಿಚ್ಚಣಿಕೆ ಹತ್ತಿ ಕೊಟ್ಟು ಬರುತ್ತಿದ್ದೆ. ಒಣಗಿದ್ದರಲ್ಲಿ ಅರ್ಧವನ್ನು ಹಾಗೆಯೇ ಭರಣಿಗೆ ತುಂಬಿ, ಇನ್ನರ್ಧವನ್ನು ಬೆಲ್ಲದ ಪಾಕದಲ್ಲಿ ಕುದಿಸಿ ಮುರಬ್ಬ ಮಾಡುತ್ತಿದ್ದರು. ಕುದ್ದ ಮೇಲೆ ಅದು ಮೆತ್ತಗಾಗುತ್ತಿತ್ತು, ನಿಜ ಹೇಳಬೇಕೆಂದರೆ ರುಚಿಯಾಗಿಯೂ ಇರುತ್ತಿತ್ತು. ಆದರೆ ಮನೆಯವರಿಗೆ ಸಿಗಬೇಕಲ್ಲ!

ನಾದಿನಿಯನ್ನು ನೋಡಲು ಸಿಂಧನೂರಿನಿಂದ ಬೀಗರು ಬಂದದ್ದೂ ಅಂಥದೇ ಒಂದು ದಿನ; ಅವರಿಗಾಗಿ ಮಾವನವರು ಒಲ್ಲದ ಮನಸ್ಸಿನಿಂದ ಮಾಳಿಗೆ ಇಳಿದು ಕೂತಿದ್ದರು. ಗಂಡಿನ ತಂದೆ ಭಾರೀ ಆಳು, ತಲೆಗೆ ಹೊಸ ರುಮಾಲು. "ನಮ್ಮ ಕಡೆ ಕಾಲುವೆ ಬರ್ತೈತ್ರಿ, ಇನ್ನ ನೆಲ್ಲ ಬೆಳೀತೀವಿ," ಎಂದು ಅವರು ಗತ್ತಿನಿಂದ ಹೇಳುತ್ತಿದ್ದಾಗ ಹೊರಗೆ ಗುಡುಗಿತು. ಮಾವನವರು ಚಂಗನೆ ಎದ್ದರು.

"ಏಳ್ರಿ, ಏಳ್ರಿ! ಮಳಿ ಬಂತು! ಮ್ಯಾಲ ಹತ್ರಿ!"

ಏನೋ ಅನಾಹುತವಾಯಿತೆಂದು ತಿಳಿದು ಬೀಗರೂ ನಿಚ್ಚಣಿಕೆ ಹತ್ತಿಬಿಟ್ಟರು. ಇಳಿದು ಬಂದಾಗ ಅವರ ಹೊಸ ರುಮಾಲು ತಲೆಯ ಮೇಲಿರಲಿಲ್ಲ, ಕೈಯಲ್ಲಿ ಗಂಟಾಗಿತ್ತು. ಒಳಗೆ ನಾಸಪಾತಿ ಹೋಳುಗಳು. ನಾದಿನಿ ಬಾಗಿಲ ಸಂದಿಯಲ್ಲಿ ಅಳುತ್ತಿದ್ದಳು. ಬೀಗರು ಏದುಸಿರು ಬಿಡುತ್ತಾ ನನ್ನನ್ನು ಕೇಳಿದರು: "ಯವ್ವಾ, ಹುಡುಗಿಗೂ ಈ ಹುಚ್ಚು ಐತೇನು?"

"ಇಲ್ರಿ, ಅಕಿಗೆ ಈ ಹಣ್ಣು ಕಂಡ್ರ ಆಗಂಗಿಲ್ರಿ."

"ಹಂಗಾದ್ರ ಲಗ್ನ ಪಕ್ಕಾ!" ಎಂದರು.

ಅಷ್ಟೆಲ್ಲ ಕಷ್ಟಪಟ್ಟು ಕಾಪಾಡಿದ್ದು ಯಾರ ಬಾಯಿಗೆ ಹೋಗುತ್ತಿತ್ತು ಗೊತ್ತೇ? ಕಾಯಿಲೆಯವರ ಬಾಯಿಗೆ! ಓಣಿಯಲ್ಲಿ ಯಾರಾದರೂ ಹಾಸಿಗೆ ಹಿಡಿದಿದ್ದಾರೆಂದು ಸುದ್ದಿ ಬಂದರೆ ಸಾಕು, ಮಾವನವರು ಬಟ್ಟಲಲ್ಲಿ ನಾಲ್ಕು ಹೋಳು ಮುರಬ್ಬ ಹಾಕಿಕೊಂಡು ಹೊರಟರು. ಆ ಮುಖ ಹೊತ್ತುಕೊಂಡು ಹೋಗಿ ಹಾಸಿಗೆಯ ಪಕ್ಕ ಮಾತಿಲ್ಲದೆ ಕೂತರೆ ರೋಗಿಯ ಗತಿ ಏನಾಗಬೇಡ? ಪಕ್ಕದ ಮನೆಯ ಮುಸಲ್ಮಾನ ಮುದುಕಿಯೊಬ್ಬಳು ಇವರನ್ನು ಬಾಗಿಲಲ್ಲಿ ಕಂಡು ಎದ್ದೇ ಕೂತಳು. "ಯಾ ಅಲ್ಲಾ! ನಂಗ ಬರೇ ನೆಗಡಿ ಆಗೈತ್ರಿ ಸಾಬ್! ನೀವ್ಯಾಕ ಬಂದ್ರಿ?" ಅವಳ ನೆಗಡಿ ಆ ಕ್ಷಣವೇ ಬಿಟ್ಟಿತಂತೆ.

ನಾದಿನಿ ಗಂಡನ ಮನೆಗೆ ಹೊರಡುವ ಹಿಂದಿನ ದಿನ ನಾನು ಕೇಳಿದೆ, "ನಿಮ್ಮಪ್ಪಾರಿಗೆ ಇದೇನು ಹುಚ್ಚು?" ಸೀರೆ ಮಡಚುತ್ತಿದ್ದವಳು ಕೈ ನಿಲ್ಲಿಸಿದಳು.

"ಮೊದಲ ಹಿಂಗ ಇದ್ದಿದ್ದಿಲ್ಲ ವೈನಿ. ಈ ಕಾಯಿ ಕತ್ತೆನೂ ತಿನ್ನಂಗಿಲ್ಲ ಅಂತಿದ್ದ ಅಪ್ಪ. ಎಲ್ಲಾ ಗಿಡದ ಬುಡಕ ಬಿದ್ದು ಕೊಳೀತಿತ್ತು. ನಿಜಾಮ ಹೋಗೋ ಗದ್ದಲದ ವರ್ಷ ಅವ್ವಗ ಜ್ವರ ಬಂತು. ಅಂಗಡಿ ಎಲ್ಲಾ ಬಂದ್. ಬಾಯಿ ಕಹಿ ಆಗೈತಿ, ಏನರ ಸಿಹಿ ಕೊಡ್ರಿ ಅಂದ್ಲು. ಅಪ್ಪ ಓಣಿ ಓಣಿ ತಿರುಗಿದ. ಒಂದು ಚೂರು ಬೆಲ್ಲ ಸಿಗಲಿಲ್ಲ. ಬರಿಗೈಲೆ ಬಂದು ಆ ಗಿಡದ ಬುಡಕ ನಿಂತಿದ್ದ. ಮರುದಿನ ಅವ್ವ ಹೋದ್ಲು."

ಆಮೇಲೆ ನಾನು ಅವರನ್ನು ಕಂಡು ಒಳಗೊಳಗೆ ನಗುವುದನ್ನು ಬಿಟ್ಟೆ. ಪೂರ್ತಿ ಬಿಟ್ಟೆ ಎಂದರೆ ಸುಳ್ಳಾಗುತ್ತದೆ; ಕಡಿಮೆ ಮಾಡಿದೆ.

ಮದುವೆಯಾಗಿ ಐದನೆಯ ವರ್ಷಕ್ಕೆ ನನಗೆ ಹೆಣ್ಣು ಮಗು ಹುಟ್ಟಿತು. ಆರು ತಿಂಗಳಾಗಿತ್ತು, ಆಷಾಢದಲ್ಲಿ ಅದಕ್ಕೆ ಜ್ವರ ಹತ್ತಿತು. ವೈದ್ಯರ ಔಷಧಿಯೂ ಆಯಿತು, ಗುಡಿಯ ಅಂಗಾರ ಹಣೆಗೆ ಹಚ್ಚಿದ್ದೂ ಆಯಿತು. ಮಾವನವರು ಹಳೆಯ ಭರಣಿಯಿಂದ ಹೋಳು ತೆಗೆದು, ಕುದಿಸಿ, ಬಟ್ಟೆಯಲ್ಲಿ ಸೋಸಿ, ಆ ನೀರನ್ನು ಬೆರಳ ತುದಿಯಿಂದ ಮಗುವಿನ ನಾಲಿಗೆಗೆ ಹಚ್ಚುತ್ತಿದ್ದರು. ನಾಲ್ಕನೆಯ ದಿನ ಬೆಳಿಗ್ಗೆ ಮಗು ಹೋಯಿತು.

ನಾನು ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟೆ. ಅಳು ಬರಲಿಲ್ಲ, ಮಾತು ಬರಲಿಲ್ಲ. ಗಂಡ ನಾಲ್ಕು ದಿನ ಇದ್ದು ಗಣಿಗೆ ಹೊರಟರು, ಹೋಗಲೇಬೇಕಿತ್ತು. ಓಣಿಯ ಹೆಂಗಸರು ಬಂದು, "ಇನ್ನೂ ವಯಸ್ಸೈತಿ, ಮತ್ತ ಹುಟ್ತಾವ ತಗೋ," ಎಂದು ಹೋದರು. ಮಾವನವರು ಮಾತ್ರ ನನ್ನ ಕೋಣೆಯ ಕಡೆ ಬರಲಿಲ್ಲ. ಹಿತ್ತಲಲ್ಲಿ ಕಾಯಿ ಒಂದೊಂದೇ ದಪ್ಪೆಂದು ಬೀಳುವುದು ಕೇಳಿಸುತ್ತಿತ್ತು. ಆರಿಸುವವರಿರಲಿಲ್ಲ.

ಹನ್ನೆರಡನೆಯ ದಿನ ಅವರು ಒಂದು ಬುಟ್ಟಿ ಕಾಯಿ, ಎರಡು ಚಾಕು ಹಿಡಿದು ಒಳಗೆ ಬಂದರು. ನನ್ನ ಪಕ್ಕ ಕೂತಿದ್ದ ಹೆಂಗಸೊಬ್ಬಳು ರೇಗಿದಳು: "ಇಂಥಾ ಹೊತ್ನ್ಯಾಗ ನಿಮ್ಮ ಹಣ್ಣಿಂದೇನ್ರಿ!" ನನಗೂ ಮೈಯೆಲ್ಲ ಉರಿಯಿತು. ಅವರು ನೆಲದ ಮೇಲೆ ಕೂತು ಒಂದು ಚಾಕುವನ್ನು ನನ್ನ ಕಡೆ ಸರಿಸಿದರು.

"ಕೊಯ್ಯವ್ವಾ."

ಯಾಕೆ ಎದ್ದೆನೋ ತಿಳಿಯದು. ಎದ್ದು ಕೂತು ಕೊಯ್ದೆ. ಆ ಕಾಯಿಗೆ ಮೈಯ ಬಲವೆಲ್ಲ ಹಾಕಬೇಕು, ಹಾಕಿದೆ. ಆ ದಿನ ಕೊಯ್ದೆವು, ಮರುದಿನ ಕೊಯ್ದೆವು. ನನ್ನ ಬೆರಳು ಕೊಯ್ದುಕೊಂಡಾಗ ಅವರು ಧೋತರದ ಅಂಚು ಹರಿದು ಕಟ್ಟಿದರು. ಮೂರನೆಯ ದಿನ ಮಧ್ಯಾಹ್ನ ನನ್ನ ಗಂಟಲಿಂದ ದನಿ ಹೊರಟಿತು.

"ಮಾವಾರ, ಅಕಿಗೆ ಅದರ ರುಚಿ ಗೊತ್ತಾಗಿತ್ತೇನ್ರಿ?"

ಅವರ ಚಾಕು ನಿಂತಿತು.

"ಗೊತ್ತಾಗಿತ್ತವ್ವಾ. ಮೂರನೇ ದಿನ ನೀ ನೀರು ಕಾಸಾಕ ಹೋಗಿದ್ದಿ. ನಾ ಬೆರಳು ಹಚ್ಚಿದೆ. ಚೀಪಿದ್ಲು. ಚೀಪಿ ನನ್ನ ಮಾರಿ ನೋಡಿ ನಕ್ಳು." ಚಾಕು ಕೆಳಗಿಟ್ಟು ಹೇಳಿದರು: "ನಿನಗ ಹೇಳಬೇಕಂತಿದ್ದೆ. ಹೆಂಗ ಹೇಳಬೇಕೋ ತಿಳೀಲಿಲ್ಲ."

"ಹೆಂಗ ನಕ್ಳು?"

ಎಡಗೆನ್ನೆ ಹೇಗೆ ಗುಳಿ ಬಿದ್ದಿತು, ಕಣ್ಣು ಹೇಗೆ ಸಣ್ಣದಾಯಿತು, ಪುಟ್ಟ ಕೈ ಅವರ ಬೆರಳನ್ನು ಬಿಡದೆ ಎಷ್ಟು ಹೊತ್ತು ಹಿಡಿದಿತ್ತು, ಎಲ್ಲ ಹೇಳಿದರು. ಇನ್ನೊಮ್ಮೆ ಹೇಳ್ರಿ ಎಂದೆ. ಹೇಳಿದರು. ಮತ್ತೊಮ್ಮೆ ಎಂದೆ. ಬುಟ್ಟಿಯಲ್ಲಿ ಅರ್ಧ ಕಾಯಿ ಹಾಗೆಯೇ ಉಳಿದಿತ್ತು. ನಾವಿಬ್ಬರೂ ಅಳುತ್ತಾ ಕೂತಿದ್ದೆವು.