ಕಂಬಳಿಯ ಮೇಲೆ ಕೂರಲು ಮೂರು ಊರು ಸುತ್ತಿದ್ದು

ನಾನು ತಮಿಳುನಾಡಿನ ಬೋಡಿಯಲ್ಲಿ ಬೂರುಗದ ಹತ್ತಿಯ ಹಾಸಿಗೆ, ದಿಂಬು ಮಾರುವವನು. ಅಂಗಡಿಯಲ್ಲಿ ಕೂತಿದ್ದಷ್ಟು ದಿನ ನನಗೇನೂ ಆಗುವುದಿಲ್ಲ. ನನ್ನ ಗೆಳೆಯನನ್ನು ಕಾರಿನಲ್ಲಿ ಹತ್ತಿಸಿಕೊಂಡು ಊರು ದಾಟಿದೆನೋ, ಏನಾದರೂ ಒಂದು ಆಗಿಯೇ ತೀರುತ್ತದೆ. ಶಾಲೆಯ ದಿನಗಳಿಂದಲೂ ಹೀಗೇ. ಮೊದಮೊದಲು ಕೋಪ ಬರುತ್ತಿತ್ತು. ಈಗ ಸುಸ್ತಾಗುತ್ತದೆ, ಅಷ್ಟೆ.

ಈ ಗೆಳೆಯ ಕೊಂಬೈನ ತೆಂಗಿನ ತೋಟದವನು. ನನ್ನ ತಂಗಿಯನ್ನು ಕೊಟ್ಟಿದ್ದೂ ಅವನಿಗೇ. ಹಾಗಾಗಿ ಇಲ್ಲಿನ ತಮಿಳಿನಲ್ಲಿ ಅವನಿಗೆ ನಾನು ಮಚ್ಚಾನ್, ನನಗೆ ಅವನು ಮಾಪಿಳೆ. ಅವನ ವಂಶದವರಲ್ಲಿ ಒಂದು ಪದ್ಧತಿ ಉಂಟು. ಕುಲದ ಪಂಚಾಯಿತಿ ಸೇರಿದರೆ ಕರಿ ಕಂಬಳಿ ಹಾಸುತ್ತಾರೆ. ನಡುವೆ ಹಿರಿಯ ಚಕ್ಕಳಮಕ್ಕಳ ಹಾಕಿ ಕೂರಬೇಕು. ಅವನು ಏಳುವವರೆಗೆ ಬೇರೆ ಯಾರೂ ಏಳುವ ಹಾಗಿಲ್ಲ. ನನ್ನಂಥ ಹೆಣ್ಣು ಕೊಟ್ಟ ಕಡೆಯವರು ಕಂಬಳಿಯ ಅಂಚನ್ನೂ ಮೆಟ್ಟುವಂತಿಲ್ಲ, ದೂರ ನಿಂತು ನೋಡಬೇಕು.

ಈಗ ಆ ಹಿರಿಯ ನಮ್ಮ ಗೆಳೆಯ. ಆದರೆ ಅವನ ಮಂಡಿಗಳು ಮಡಚುವುದನ್ನೇ ಮರೆತಿವೆ. ಅವನ ದಾಯಾದಿಯೊಬ್ಬ ಇದನ್ನು ಯಾವುದೋ ಮದುವೆ ಮನೆಯಲ್ಲಿ ಗಮನಿಸಿ, ನಾಲ್ಕು ಜನರ ಮುಂದೆ ಹೇಳಿದ: "ಅಣ್ಣನಿಗೆ ಪಾಪ ಒಂದು ಕುರ್ಚಿ ಹಾಕ್ಬಿಡಿ. ಕಂಬಳಿ ನಾನು ನೋಡ್ಕೊತೀನಿ."

ಪಂಚಾಯಿತಿಗೆ ಒಂದು ತಿಂಗಳಿತ್ತು. ಡಾಕ್ಟರು ನೋಡಿ, ಮೂಳೆ ಚೆನ್ನಾಗಿದೆ, ಬಿಗಿದುಕೊಂಡಿದೆ ಅಷ್ಟೆ, ಯೋಗ ಮಾಡಿ ಅಂದರು. ಮರುದಿನ ಬೆಳಿಗ್ಗೆ ಗೆಳೆಯ ನನ್ನ ಮನೆ ಬಾಗಿಲಲ್ಲಿ ನಿಂತಿದ್ದ.

"ಮಚ್ಚಾನ್, ಕಾರು ತೆಗಿ."

ಕಂಬಂನ ದಿಂಬು

ಮೊದಲು ಕಂಬಂ. ಮೆಡಿಕಲ್ ಶಾಪಿನ ಮೇಲಿನ ಮಹಡಿ. ಯೋಗ ಕಲಿಸುವವಳು ಚುರುಕಾದ ಹೆಣ್ಣುಮಗಳು, ಕಲಿಯುವವರೆಲ್ಲ ಹೆಂಗಸರು. ಇವನನ್ನು ಗೋಡೆಗೆ ಒರಗಿಸಿ ಕೂರಿಸಿದಳು. ಮಂಡಿಗಳು ಮೊಲದ ಕಿವಿಯ ಹಾಗೆ ಮೇಲಕ್ಕೆ ನಿಂತವು.

"ಕೆಳಗೆ ಬಿಡಿ ಅಯ್ಯಾ," ಅಂದಳು.

"ನಾನು ಬಿಟ್ಟೇ ಇದೀನಮ್ಮ. ಅವು ಬರ್ತಾ ಇಲ್ಲ."

ನಾನು ಸುಮ್ಮನೆ ಕೂರಲಾರದೆ ಅಲ್ಲಿದ್ದ ಚಾಪೆಯನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತಿದ್ದೆ. ರಬ್ಬರು. ಇಂಥದರ ಮೇಲೆ ಮಂಡಿ ಊರಿದರೆ ನೋಯದೆ ಇನ್ನೇನು. ಮಂಡಿಯ ಕೆಳಗೆ, ಸೊಂಟದ ಕೆಳಗೆ ಬೂರುಗದ ದಿಂಬು ಕೊಟ್ಟರೆ ಹೇಗಿರುತ್ತದೆ ಅಂತ ಕೇಳಿದೆ. ಒಂದು ಡಜನ್ ಕಳಿಸಿ ಅಂದಳು. ಇವನ ಮಂಡಿ ಒಂದು ಬೆರಳೂ ಇಳಿಯಲಿಲ್ಲ. ಎಬ್ಬಿಸಲು ನಾನೇ ಎರಡೂ ಕಂಕುಳಿಗೆ ಕೈ ಕೊಟ್ಟು ಎಳೆಯಬೇಕಾಯಿತು.

ಹತ್ತು ದಿನದ ಮೇಲೆ ಆಕೆ ಫೋನ್ ಮಾಡಿದಳು. ದನಿ ಸಣ್ಣಗಿತ್ತು.

"ಅಯ್ಯಾ, ದಿಂಬು ವಾಪಸ್ ತಗೊಳ್ತೀರಾ?"

"ಯಾಕಮ್ಮ, ಹೊಲಿಗೆ ಬಿಟ್ಟಿದೆಯಾ?"

"ಹೊಲಿಗೆ ಚೆನ್ನಾಗಿದೆ. ಶವಾಸನಕ್ಕೆ ಮಲಗಿದವರು ಒಬ್ಬರೂ ಏಳ್ತಾ ಇಲ್ಲ. ಮುಂದಿನ ಬ್ಯಾಚು ಮೆಟ್ಟಿಲ ಮೇಲೆ ನಿಂತಿದೆ."

ತೇನಿಯ ಕನ್ನಡಿ

ಮುಂದಿನ ವಾರ ತೇನಿ. ಏಸಿ ಹಾಕಿದ ಹಾಲ್, ಒಂದು ಗೋಡೆ ಪೂರ್ತಿ ಕನ್ನಡಿ. ನನ್ನ ಹೊಟ್ಟೆಯನ್ನು ಅಷ್ಟು ಅಗಲಕ್ಕೆ ನಾನು ಎಂದೂ ನೋಡಿರಲಿಲ್ಲ. ಮೇಷ್ಟರು ಗಡ್ಡ ಬಿಟ್ಟ ಯುವಕ, ಮಾತು ಬಹಳ ಮೆತ್ತಗೆ. ಮೊದಲು ಒಂದು ಫಾರಂ ತುಂಬಬೇಕಂತೆ. ನಿಮ್ಮ ಗುರಿ ಏನು ಅಂತ ಕೇಳಿ, ಕೆಳಗೆ ತೂಕ ಇಳಿಸುವುದು, ನಿದ್ದೆ, ಮನಶ್ಶಾಂತಿ, ಇತರೆ ಅಂತ ಕೊಟ್ಟಿದ್ದರು.

ನಮ್ಮವನು "ಇತರೆ" ಎಂಬಲ್ಲಿ ಗುರುತು ಹಾಕಿ, ಪಕ್ಕದಲ್ಲಿ ತಮಿಳಿನಲ್ಲಿ ದುಂಡಗೆ ಬರೆದ: ದಾಯಾದಿಯ ಬಾಯಿ ಮುಚ್ಚಿಸುವುದು.

ಮೇಷ್ಟರು ಓದಿದರು. ಇನ್ನೊಮ್ಮೆ ಓದಿದರು. ಕಣ್ಣು ಮುಚ್ಚಿ ಉದ್ದಕ್ಕೆ ಉಸಿರೆಳೆದುಕೊಂಡರು.

"ಅಯ್ಯಾ, ಯೋಗದಲ್ಲಿ ಪೈಪೋಟಿ ಇಲ್ಲ. ಯಾರನ್ನೂ ಗೆಲ್ಲೋದಿಲ್ಲ. ಎದುರಿಗೆ ಇರೋವನೂ ನಾನೇ ಅಂತ ನೋಡೋದಕ್ಕೆ ಕಲಿಬೇಕು."

ಗೆಳೆಯ ಅವರನ್ನು ಕರುಣೆಯಿಂದ ನೋಡಿದ.

"ತಂಬಿ, ನಿಮ್ಮಪ್ಪನಿಗೆ ಅಣ್ಣ ತಮ್ಮ ಯಾರೂ ಇಲ್ಲ ಅಂತ ಕಾಣುತ್ತೆ."

ದಿಂಡಿಗಲ್ಲಿನ ಬೀಗ

ಪಂಚಾಯಿತಿಗೆ ಎಂಟು ದಿನ ಉಳಿದಿತ್ತು, ಮಂಡಿ ಹಾಗೇ ಇತ್ತು. ದಿಂಡಿಗಲ್ಲಿನಲ್ಲಿ ಒಬ್ಬ ಮುದುಕರಿದ್ದಾರೆ, ಜೀವನವೆಲ್ಲ ಬೀಗ ಮಾಡಿದವರು, ಈಗ ತಮ್ಮ ಮನೆಯ ತಾರಸಿಯಲ್ಲಿ ಯೋಗ ಹೇಳಿಕೊಡುತ್ತಾರೆ ಅಂತ ಯಾರೋ ಹೇಳಿದರು. ದಾರಿಯುದ್ದಕ್ಕೂ ಗೆಳೆಯ ಮಂಡಿ ನೀವಿಕೊಳ್ಳುತ್ತಾ ಕೂತಿದ್ದ. ದಿಂಡಿಗಲ್ಲಿನ ಹತ್ತಿರ ಬಂದಾಗ ಅಂದ: "ಕುರ್ಚಿ ಮೇಲೆ ಕುಂತೋನ ಮಾತು ಯಾವೋನೂ ಕೇಳಲ್ಲ ಮಚ್ಚಾನ್." ಅದು ನಿಜವೇ ಆಗಿತ್ತು.

ಮುದುಕರು ಇವನ ಮಂಡಿಯನ್ನು ಬೆರಳಿನಿಂದ ತಟ್ಟಿ, ಕಿವಿಯನ್ನು ಹತ್ತಿರ ಇಟ್ಟು ಆಲಿಸಿದರು.

"ಬಲವಂತ ಮಾಡಿದ್ದೀರಿ. ತುಕ್ಕು ಹಿಡಿದ ಬೀಗವನ್ನ ಯಾರಾದರೂ ಗುದ್ದುತ್ತಾರಾ?"

ಬಿಸಿ ಮಾಡಿದ ಎಳ್ಳೆಣ್ಣೆ ತಂದು ತಿಕ್ಕಿದರು. ಒಂದು ಕಾಲು ಮಡಚಿದರು, ಕಾದರು. ಇನ್ನೊಂದು ಮಡಚಿದರು, ಕಾದರು. ಒಂದು ಗಂಟೆ ಹೋಯಿತು. ಆಮೇಲೆ ನೋಡಿದರೆ ನಮ್ಮವನು ತಾರಸಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದ, ಕಲ್ಲಿನ ವಿಗ್ರಹದ ಹಾಗೆ. ಕಣ್ಣಲ್ಲಿ ನೀರು. ನೋವಿಗೋ ಸಂತೋಷಕ್ಕೋ, ನಾನು ಕೇಳಲಿಲ್ಲ.

ಎಬ್ಬಿಸಲು ನಾನೂ ಮುದುಕರೂ ಒಂದೊಂದು ಕಡೆ ಹಿಡಿದೆವು.

"ಇದು ಮುಚ್ಚೋ ಪಾಠ," ಅಂದರು ಮುದುಕರು. "ತೆರೆಯೋ ಪಾಠ ಬೇರೆ. ನಾಡಿದ್ದು ಬನ್ನಿ."

ಬಿರಿಯಾನಿ ತಿಂದು ವಾಪಸು ಹೊರಟಾಗ ನಾನು ಕೇಳಿದೆ: "ನಾಡಿದ್ದು ಎಷ್ಟೊತ್ತಿಗೆ ಹೊರಡೋಣ?"

"ಬ್ಯಾಡ ಬಿಡು," ಅಂದ. "ಕುಂತ್ಕೊಳ್ಳೋದು ಬಂತಲ್ಲ. ಏಳೋದು ಹುಟ್ಟಿದಾಗಿಂದ ಬರುತ್ತೆ."

ಕೊಂಬೈನ ಕಂಬಳಿ

ಪಂಚಾಯಿತಿಯ ದಿನ ಬೆಳಿಗ್ಗೆ ಹತ್ತು ಗಂಟೆಗೆ ನಮ್ಮವನು ಕಂಬಳಿಯ ನಡುವೆ ನಿಂತ. ದಾಯಾದಿ ಮುಂದಾಲೋಚನೆಯಿಂದ ಒಂದು ಪ್ಲಾಸ್ಟಿಕ್ ಕುರ್ಚಿ ತರಿಸಿ ಇಟ್ಟುಕೊಂಡಿದ್ದ. ಇವನು ಅದರ ಕಡೆ ತಿರುಗಿಯೂ ನೋಡದೆ ನಿಧಾನವಾಗಿ ಇಳಿದ, ಒಂದು ಕಾಲು ಮಡಚಿದ, ಇನ್ನೊಂದು ಮಡಚಿದ, ಕೂತ. ದಾಯಾದಿ ತಾನೇ ಆ ಕುರ್ಚಿಯನ್ನು ಎತ್ತಿ ಗೋಡೆಯ ಹಿಂದಕ್ಕೆ ಇಟ್ಟು ಬಂದ. ದೂರದಲ್ಲಿ ನಿಂತಿದ್ದ ನನಗೆ ತಿಂಗಳ ಆಯಾಸ ಸ್ವಲ್ಪ ಇಳಿಯಿತು.

ಅವತ್ತಿನ ವ್ಯಾಜ್ಯ ಹಳೆಯದು. ಕುಲದವರೇ ಆದ ಅಣ್ಣ ತಮ್ಮ ಇಬ್ಬರಿಗೂ ಸೇರಿದ ಬಾವಿ, ನೀರಿನ ಸರದಿ ಯಾರದು ಅಂತ. ಅದು ಎಂದೂ ತೀರಿರಲಿಲ್ಲ. ಅನ್ನ ಬೇಯುವ ವಾಸನೆ ಬಂದ ಕೂಡಲೇ ಹಿರಿಯ ಎದ್ದು, ಮುಂದಿನ ಸಲ ನೋಡೋಣ ಅನ್ನುವುದು ವಾಡಿಕೆ.

ಒಂದು ಗಂಟೆಗೆ ಸಾರಿನ ವಾಸನೆ ಬಂತು. ಎಲ್ಲರೂ ನಮ್ಮವನ ಮುಖ ನೋಡಿದರು. ಅವನು ನನ್ನ ಮುಖ ನೋಡಿದ. ಆ ನೋಟ ನನಗೆ ಗೊತ್ತು, ಕಂಬಂನಲ್ಲಿ ನೋಡಿದ್ದೆ, ದಿಂಡಿಗಲ್ಲಿನಲ್ಲಿ ನೋಡಿದ್ದೆ. ಆದರೆ ನಾನು ಕಂಬಳಿ ಮೆಟ್ಟುವಂತಿಲ್ಲ. ಕೈ ಚಾಚಿದರೂ ಹತ್ತಡಿ ದೂರ.

ಅವನು ಕಣ್ಣು ಮುಚ್ಚಿಕೊಂಡ.

"ಊಟ..." ಅಂದ ಯಾರೋ.

"ತೀರ್ಮಾನ ಆಗಲಿ," ಅಂದ ನಮ್ಮವನು.

ಎರಡು ಗಂಟೆ. ಮೂರು ಗಂಟೆ. ಯಾರೂ ಏಳುವಂತಿಲ್ಲ. ಸಕ್ಕರೆ ಕಾಯಿಲೆಯವರು ಆ ಅಣ್ಣತಮ್ಮಂದಿರಿಗೆ ಮೊದಲು ಬುದ್ಧಿ ಹೇಳಿದರು, ಆಮೇಲೆ ಬೇಡಿಕೊಂಡರು, ಕೊನೆಗೆ ಬೈದರು. ಎಲ್ಲರಿಗಿಂತ ಜೋರಾಗಿ ಬೈದವನು ದಾಯಾದಿ. ನಾಲ್ಕಕ್ಕೆ ತಮ್ಮ ಅಂದ, "ಬೆಳಿಗ್ಗೆ ಅವನು ತಗೊಳ್ಳಲಿ, ಸಂಜೆ ನಾನು." ಅಣ್ಣ ತಲೆಯಾಡಿಸಿದ.

ಇಬ್ಬರೂ ಕೂತಲ್ಲಿಂದಲೇ ಜರುಗಿ ಬಂದು ನಮ್ಮವನ ಕಾಲಿಗೆ ಬಿದ್ದರು. ಅವನು ಇಬ್ಬರ ಹೆಗಲನ್ನೂ ಗಟ್ಟಿಯಾಗಿ ಹಿಡಿದುಕೊಂಡ. ಅವರು ಎದ್ದರು, ಅವರ ಜೊತೆ ಇವನೂ ಎದ್ದ. ಜಗಳವಾಡಿದ ಅಣ್ಣತಮ್ಮಂದಿರನ್ನು ಹಿರಿಯ ಎರಡು ಕೈಯಿಂದ ಎತ್ತಿದ ಅಂತ ಹೆಂಗಸರು ಕಣ್ಣೊರೆಸಿಕೊಂಡರು. ಯಾರು ಯಾರನ್ನು ಎತ್ತಿದರು ಅನ್ನುವುದು ನನಗೊಬ್ಬನಿಗೇ ಗೊತ್ತು.

ಮುಂದಿನ ವಾರ ದಾಯಾದಿ ನನ್ನ ಅಂಗಡಿಗೆ ಬಂದ. ಸ್ವಲ್ಪ ಹೊತ್ತು ದಿಂಬು ಒತ್ತಿ ನೋಡಿದ. ಆಮೇಲೆ ದನಿ ತಗ್ಗಿಸಿ ಕೇಳಿದ:

"ಅಣ್ಣ ಆರು ಗಂಟೆ ಅಲ್ಲಾಡದೆ ಕುಂತಿದ್ರಲ್ಲ. ಅದನ್ನ ಎಲ್ಲಿ ಕಲಿತರು? ನಾಳೆ ನನಗೂ ಒಂದು ಕಾಲ ಬರುತ್ತೆ."

ನಾನು ವ್ಯಾಪಾರಿ, ಕೇಳಿದವರಿಗೆ ಇಲ್ಲ ಅನ್ನುವುದಿಲ್ಲ. ದಿಂಡಿಗಲ್ಲಿನ ಮುದುಕರ ವಿಳಾಸ ಬರೆದುಕೊಟ್ಟೆ.

"ಎಷ್ಟು ದಿನ ಹೋಗಬೇಕು?" ಅಂದ.

"ಒಂದು ದಿನ ಸಾಕು," ಅಂದೆ.