ಬರಿಗಾಲ ಅಡಿವೆಪ್ಪನ ಬಸ್ ನಿಲ್ದಾಣ ವಿಜಯ

ಓ ಧೂಳಿಧೂಸರಿತ ಮಾರ್ಗಗಳ ಅಧಿದೇವತೆಯೇ, ಟಿಕೆಟ್ಟುಳ್ಳವನನ್ನೂ ಇಲ್ಲದವನನ್ನೂ ಒಂದೇ ಗುಂಡಿಯಲ್ಲಿ ಕುಲುಕುವ ಸಮದರ್ಶಿನಿಯೇ, ನನ್ನ ನಾಲಗೆಯ ಮೇಲೆ ಒಂದು ಗಳಿಗೆ ನಿಲ್ಲು. ಹೆಚ್ಚು ಹೊತ್ತು ನಿಲ್ಲುವುದು ನಿನ್ನ ಜಾಯಮಾನವಲ್ಲವೆಂದು ಬಲ್ಲೆ. ಜಂಟಿ ಠರಾವುಗಳ ಆ ಮಹಾಯುಗದಲ್ಲಿ, ಒಬ್ಬರು ಹೂಂ ಎಂದದ್ದಕ್ಕೆ ಇನ್ನೊಬ್ಬರು ಉಹೂಂ ಎನ್ನುವುದೇ ರಾಜಧರ್ಮವಾಗಿದ್ದ ಕಾಲದಲ್ಲಿ, ಬೀದಿದೀಪಪ್ರದಾತನೂ ಚರಂಡಿಸಮುದ್ಧಾರಕನೂ ಹಿರೇಬೆಣಗಿ ಗ್ರಾಮ ಪಂಚಾಯ್ತಿಯ ಅಧ್ಯಕ್ಷನೂ ಆದ ಅಡಿವೆಪ್ಪ ಹಳ್ಳಿಕೇರಿಯು ಚಪ್ಪಲಿ ತೊರೆದು ಗೆದ್ದ ಕಥೆಯನ್ನು ಹೇಳಬೇಕಾಗಿದೆ. ಕೇಳುವವರು ತಮ್ಮ ತಮ್ಮ ಚಪ್ಪಲಿಗಳ ಮೇಲೆ ಒಂದು ಕಣ್ಣಿಟ್ಟೇ ಕೇಳಲಿ.

ಹಿರೇಬೆಣಗಿ, ಚಿಕ್ಕಬೆಣಗಿ ಎಂಬ ಎರಡು ಗ್ರಾಮಸಾಮ್ರಾಜ್ಯಗಳ ನಡುವೆ ಒಂದು ಡಾಂಬರು ರಸ್ತೆ. ಅದರ ನಟ್ಟನಡುವಿನ ಬಿಳಿ ಗೆರೆಯೇ ಗಡಿ. ಬಸ್ಸು ಬೇಕಾದವರು ಐದು ಕಿಲೋಮೀಟರ್ ನಡೆದು ಹೆದ್ದಾರಿ ಸೇರಬೇಕಿತ್ತು. ನಡೆಯುವಾಗ ಎರಡೂ ಪಂಚಾಯ್ತಿಗಳಿಗೆ ಭೇದವಿಲ್ಲದೆ ಶಾಪ ಹಾಕುತ್ತಿದ್ದರು. ಅಂಥ ಊರುಗಳಿಗೆ ಬಸ್ ಡಿಪೋದಿಂದ ಕಾಗದವೊಂದು ಬಂತು. ಬಸ್ಸು ಮಂಜೂರಾಗಿದೆ, ನಿಲ್ದಾಣ ಒಂದು, ಅದು ಎಲ್ಲೆಂದು ಎರಡೂ ಪಂಚಾಯ್ತಿಗಳು ಕೂಡಿ ಠರಾವು ಮಾಡಿ ಕಳಿಸತಕ್ಕದ್ದು.

ಕೂಡಿ ಎಂಬ ಆ ಎರಡಕ್ಷರದಿಂದಲೇ ಅನರ್ಥವೆಲ್ಲ ಹುಟ್ಟಿತು. ಅಡಿವೆಪ್ಪನು ಪಂಚಾಯ್ತಿ ಕಟ್ಟೆಯ ಮೇಲೆ ಎದ್ದುನಿಂತು, ನೆರೆದವರ ಸಮಕ್ಷಮದಲ್ಲಿ ಬಲಗಾಲಿನ ಚಪ್ಪಲಿಯನ್ನೂ ಬಳಿಕ ಎಡಗಾಲಿನದನ್ನೂ ಕಳಚಿಟ್ಟು ಘೋರ ಪ್ರತಿಜ್ಞೆಗೈದನು.

"ಬಸ್ಸು ನಮ್ಮ ಸೀಮಿಯೊಳಗ ನಿಂದರೂತನಕಾ ನಾ ಕಾಲಾಗ ಚಪ್ಪಲಿ ಹಾಕೂದಿಲ್ಲ. ಇದು ಅಡಿವೆಪ್ಪನ ಮಾತು."

ಅದು ಶಿವರಾತ್ರಿಯ ಹಿಂದುಮುಂದಿನ ತಂಪು ಕಾಲ, ನೆಲ ಹಿತವಾಗಿತ್ತು. ವಾರದೊಳಗೆ ಮುಗಿಯುವ ಕೆಲಸವೆಂದು ವೀರನು ಎಣಿಸಿದ್ದನು. ಆದರೆ ಗಡಿಯಾಚೆಗೆ ಚಿಕ್ಕಬೆಣಗಿಯ ಅಧ್ಯಕ್ಷೆ, ವಾಗ್ಬಾಣವರ್ಷಿಣಿ, ಅಚಲನಿಶ್ಚಯೆ ನೀಲಗಂಗವ್ವ ಬೂದಿಹಾಳ ಕುಳಿತಿದ್ದಳು. ಈತನ ಪ್ರತಿಜ್ಞೆಯ ಸುದ್ದಿ ಕೇಳಿ, ಆಗಲಿ, ಚಪ್ಪಲಿಯಾದರೂ ಉಳಿಯಿತು ಎಂದಳಂತೆ.

ಒಬ್ಬರ ಕಚೇರಿಗೆ ಇನ್ನೊಬ್ಬರು ಕಾಲಿಟ್ಟರೆ ಮಾನ ಹೋಗುತ್ತದೆಂದು ಜಂಟಿ ಸಭೆಯ ಮೇಜನ್ನು ನಡುರಸ್ತೆಯಲ್ಲಿ, ಬಿಳಿ ಗೆರೆಯ ಆಚೆ ಎರಡು ಕಾಲು ಈಚೆ ಎರಡು ಕಾಲು ಬರುವಂತೆ, ದಾರ ಹಿಡಿದು ಅಳೆದು ಹಾಕಲಾಯಿತು. ಟ್ರ್ಯಾಕ್ಟರ್ ಬಂದಾಗ ಮೇಜನ್ನು ಯಾರ ಬದಿಗೆ ಸರಿಸಬೇಕೆಂಬ ಪ್ರಶ್ನೆಗೇ ಮೊದಲ ಸಭೆ ಬಲಿಯಾಯಿತು. ಸರದಿಯ ಮೇಲೆ ಸರಿಸಬೇಕು, ಯಾರ ಸರದಿ ಮುಗಿಯಿತೆಂದು ವಹಿಯಲ್ಲಿ ಬರೆಯಬೇಕು ಎಂದು ಗೊತ್ತಾಯಿತು. ಸರ್ವಾನುಮತದಿಂದ ಪಾಸಾದ ಠರಾವು ಅದೊಂದೇ. ಉಳಿದಂತೆ ಮೂರು ಸಭೆಗಳಲ್ಲೂ ಹಿರೇಬೆಣಗಿಯದು ಒಂದು ಮತ, ಚಿಕ್ಕಬೆಣಗಿಯದು ಒಂದು ಮತ, ಮೂರನೆಯ ಮತವಿಲ್ಲ.

ಅಷ್ಟರಲ್ಲಿ ಬೇಸಿಗೆ ಬಂತು. ಡಾಂಬರು ಮೆತ್ತಗಾಗಿ ಅಂಗಾಲಿಗೆ ಅಂಟತೊಡಗಿತು. ಸಮರಸಿಂಹನು ಈಗ ನೆರಳಿನಿಂದ ನೆರಳಿಗೆ ಜಿಗಿಯುತ್ತ ಆಡಳಿತ ನಡೆಸುತ್ತಿದ್ದನು. ಬಿಸಿಲಿನಲ್ಲಿ ಸಿಕ್ಕವರಿಗೆ ಏನು ಕೇಳಿದರೂ ಮಂಜೂರು ಮಾಡಿಬಿಡುತ್ತಿದ್ದನು. ಸಂಜೆ ಅವನ ಹೆಂಡತಿ ಕಾಲಿಗೆ ಎಣ್ಣೆ ಸವರುತ್ತ, ನಿಮಗ ಯಾರು ಹೇಳಿದ್ದರು ಎಂದಷ್ಟೇ ಕೇಳುತ್ತಿದ್ದಳು. ಆಡಿದ ಮಾತಿಗೆ ಅವನು ಒಳಗೊಳಗೇ ನಾಚಿದ್ದನು, ಆದರೆ ಹಾಗೆಂದು ಹೇಳಲು ಅಧ್ಯಕ್ಷನಾದವನಿಗೆ ಬಾಯಿ ಬರುವುದಿಲ್ಲ.

ಕಡೆಗೆ ಡಿಪೋದ ಸಂಚಾರ ನಿರೀಕ್ಷಕ ಮಾಬುಸಾಬ ನದಾಫ ಸ್ವತಃ ಬಂದ. ಇವತ್ತು ಸಂಜೆಯೊಳಗೆ ಜಂಟಿ ಠರಾವು ಕೈಗೆ ಬರದಿದ್ದರೆ ಬಸ್ಸನ್ನು ಬೇರೆ ದಾರಿಗೆ ಹಾಕುವುದಾಗಿ ತಿಳಿಸಿದ. ಅಡಿವೆಪ್ಪನು ತನ್ನ ಅಂಗಾಲುಗಳನ್ನು ನೋಡಿಕೊಂಡನು. ಬಸ್ಸೇ ಬಾರದಿದ್ದರೆ ಪ್ರತಿಜ್ಞೆ ತೀರುವ ಬಗೆಯಿಲ್ಲ; ಸಾಯುವವರೆಗೂ ಬರಿಗಾಲು.

ನಡುರಸ್ತೆಯ ಮೇಜಿನೆದುರು ಇಬ್ಬರೂ ಎದ್ದುನಿಂತು ಗರ್ಜಿಸಿದರು. ತನ್ನ ಊರಿನ ಹೆಸರಿನಲ್ಲೇ ಹಿರಿತನವಿದೆ, ತನ್ನ ಅಂಗಾಲಿನ ಬೊಕ್ಕೆಗಳೇ ಇದಕ್ಕೆ ಸಾಕ್ಷಿ ಎಂದು ಅಡಿವೆಪ್ಪನು ಎರಡು ಕಾಲನ್ನೂ ಸರದಿಯ ಮೇಲೆ ಎತ್ತಿ ಸಭೆಗೆ ತೋರಿಸಿದನು.

ನೀಲಗಂಗವ್ವ ಕಣ್ಣು ಮಿಟುಕಿಸಲಿಲ್ಲ. "ನಮ್ಮ ಊರು ಹೆಸರಿಗಷ್ಟ ಚಿಕ್ಕದು, ಅಣ್ಣಾರ. ನಿಮ್ಮ ಸೀಮ್ಯಾಗ ಬಂದು ಕೈ ಕಟಗೊಂಡು ನಿಂದರಾಕ ನಮ್ಮ ಮಂದಿ ಏನು ನಿಮ್ಮ ಆಳಲ್ಲ."

ಮಾಬುಸಾಬ ತನಗೆ ಕೊಟ್ಟ ಚಹಾ ಕುಡಿದು, ಮೇಜಿನ ಕೆಳಗೆ ಹಾದುಹೋದ ಬಿಳಿ ಗೆರೆಯನ್ನು ನೋಡಿದ. ಆ ತುದಿಯಿಂದ ಈ ತುದಿಯವರೆಗೆ ಇನ್ನೊಮ್ಮೆ ನೋಡಿದ.

"ಅಲ್ರೀ ಅಧ್ಯಕ್ಷರ, ಬಸ್ಸು ಬರೇ ಹೋಗೂದಿಲ್ಲಲ್ರೀ, ತಿರುಗಿ ಬರತೈತಿ. ಪ್ಯಾಟಿಗೆ ಹೋಗೂಮುಂದ ಎಡಕ್ಕ ಅಂದ್ರ ಹಿರೇಬೆಣಗ್ಯಾಗ ನಿಂದರತೈತಿ, ಬರೂಮುಂದ ಚಿಕ್ಕಬೆಣಗ್ಯಾಗ. ಕಾಗದದಾಗ ಒಂದು ನಿಲ್ದಾಣ ಅಂದ್ರ ಎರಡೂ ಬದಿ ಸೇರಿಸೇ ಒಂದು."

ಮೂರು ತಿಂಗಳು, ನಾಲ್ಕು ಸಭೆ, ಎರಡು ಪಂಚಾಯ್ತಿಗಳ ಸಮಸ್ತ ಸದಸ್ಯವೃಂದ. ಹೋದ ಬಸ್ಸು ಮರಳಿ ಬರುತ್ತದೆಂಬುದು ಒಬ್ಬರಿಗೂ ಹೊಳೆದಿರಲಿಲ್ಲ. ಠರಾವಿಗೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಸಹಿ ಹಾಕಿದರು.

ಸೋಮವಾರ ಮಟಮಟ ಮಧ್ಯಾಹ್ನ ಬಸ್ಸು ಬಂತು. ಆದರೆ ಹಾ! ವಿಧಿಯ ವೈಪರೀತ್ಯವನ್ನು ಏನೆನ್ನಲಿ! ಬಸ್ಸು ಪೇಟೆಯಿಂದ ಬಂದದ್ದರಿಂದ ಮೊದಲು ಚಿಕ್ಕಬೆಣಗಿಯ ಬದಿಗೆ ನಿಂತು, ನೀಲಗಂಗವ್ವನಿಂದ ಹಾರ ಹಾಕಿಸಿಕೊಂಡು ಮುಂದಿನ ಊರಿಗೆ ಹೋಯಿತು. ಅದು ತಿರುಗಿ ಬರುವ ಮುಕ್ಕಾಲು ಗಂಟೆ ನಮ್ಮ ವೀರನು ಕೈಚೀಲದಲ್ಲಿ ಚಪ್ಪಲಿ ಹಿಡಿದು, ಕೆಂಡದಂಥ ಡಾಂಬರಿನ ಅಂಚಿನಲ್ಲಿ ಒಂಟಿಗಾಲು ಬದಲಿಸುತ್ತ ತಪಸ್ಸು ಮಾಡಿದನು.

ಬಸ್ಸು ಬಂತು, ಹಿರೇಬೆಣಗಿಯ ಸೀಮೆಯಲ್ಲಿ ನಿಂತಿತು. ಪ್ರತಿಜ್ಞೆ ತೀರಿತು! ಅಡಿವೆಪ್ಪನು ಚಪ್ಪಲಿಯನ್ನು ನೆಲಕ್ಕಿಟ್ಟು ಬಲಗಾಲನ್ನು ತೂರಿದನು. ಹೋಗಲಿಲ್ಲ. ಮೂರು ತಿಂಗಳ ಬರಿಗಾಲ ನಡಿಗೆಯಿಂದ ಪಾದ ಅಗಲವಾಗಿತ್ತು. ಎಡಗಾಲನ್ನು ತೂರಿದನು. ಅದೂ ಹೋಗಲಿಲ್ಲ. ಕಂಡಕ್ಟರ್ ಬಾಗಿಲಲ್ಲಿ ನಿಂತು, ಹತ್ತುವುದಿದ್ದರೆ ಹತ್ತಿರಿ, ಎಲ್ಲಿಗೆ ಎಂದು ಕೇಳಿದ.

"ಪ್ಯಾಟಿಗೆ. ಚಪ್ಪಲಿ ಅಂಗಡಿ ಹತ್ತರ ಇಳಸ್ರಿ."

ಹೀಗೆ ಆ ಮಹಾಮಾರ್ಗದ ಮೊದಲ ಪ್ರಯಾಣಿಕನಾಗಿ ಹೋದ ಅಡಿವೆಪ್ಪನು ಸಂಜೆ ನವಪಾದುಕಾಲಂಕೃತನಾಗಿ ಅದೇ ಬಸ್ಸಿನಲ್ಲಿ ಹಿಂದಿರುಗಿದನು. ಬರುವ ಬಸ್ಸು ಎಲ್ಲಿ ನಿಲ್ಲುತ್ತದೆಂಬುದು ತಾನೇ ಸಹಿ ಹಾಕಿದ ಠರಾವಿನಲ್ಲಿತ್ತು. ಹೊಸ ಚಪ್ಪಲಿಯ ಮೊದಲ ಹೆಜ್ಜೆ ಬಿದ್ದದ್ದು ಚಿಕ್ಕಬೆಣಗಿಯ ಮಣ್ಣಿನ ಮೇಲೆ.

ನೀಲಗಂಗವ್ವ ಅಲ್ಲೇ ಕಲ್ಲಿನ ಮೇಲೆ ಕುಳಿತಿದ್ದಳು. "ಬರ್ರಿ ಅಣ್ಣಾರ," ಎಂದಳು, "ಇನ್ನ ದಿನಾ ನಮ್ಮೂರಾಗ ಇಳದ ಹೋಗಬೇಕು ನೀವು."

ಅಡಿವೆಪ್ಪನಿಗೆ ಉತ್ತರ ಕೊಡುವ ಮನಸ್ಸಿತ್ತು. ಆದರೆ ಹೊಸ ಚಪ್ಪಲಿ ಎರಡೂ ಕಾಲನ್ನು ಕಚ್ಚುತ್ತಿತ್ತು. ಬಿಳಿ ಗೆರೆ ದಾಟಿದೊಡನೆ ಅವನ್ನು ಕಳಚಿ ಕಂಕುಳಲ್ಲಿ ಇಟ್ಟುಕೊಂಡು, ಬರಿಗಾಲಿನಲ್ಲಿ ಮನೆಗೆ ಹೋದ.