ಕರ್ನಲ್ಲರಿಗೆ ಇಸ್ಕೂಲು

ಪೋಸ್ಟ್‌ಮ್ಯಾನ್ ಚಿಕ್ಕಮಾರಯ್ಯನಿಗೆ ಒಂದು ಅಭ್ಯಾಸವಿತ್ತು. ಕಾಗದ ಕೊಟ್ಟ ಮೇಲೆ ಅದರಲ್ಲೇನಿದೆ ಎಂದು ತಿಳಿಯದೆ ಅವನು ಮುಂದಿನ ಮನೆಗೆ ಹೋಗುತ್ತಿರಲಿಲ್ಲ. ಗುಬ್ಬಿಯ ಆ ಬೀದಿಯಲ್ಲಿ ಅದು ಯಾರಿಗೂ ತಪ್ಪೆನಿಸಿರಲಿಲ್ಲ. ಇಪ್ಪತ್ತು ದಿನದ ರಜೆಯಲ್ಲಿ ಊರಿಗೆ ಬಂದಿದ್ದ ಕರ್ನಲ್ ಚನ್ನವೀರಯ್ಯನವರಿಗೂ ಅವತ್ತಿನ ಬೆಳಗಿನವರೆಗೆ ಅನಿಸಿರಲಿಲ್ಲ.

"ಡೆಲ್ಲಿಯಿಂದ ಬಂದದೆ ಸಾ. ಒಡೆದು ನೋಡಿ, ನಿಂತಿರ್ತೀನಿ."

ಚನ್ನವೀರಯ್ಯ ನಿಂತಲ್ಲೇ ಒಡೆದರು. ಓದಿ ಮುಗಿಸಿ, ಮತ್ತೆ ಮೊದಲಿಂದ ಓದಿದರು. ಸೇನೆಯ ದೊಡ್ಡ ಕೋರ್ಸಿಗೆ ಅವರ ಹೆಸರು ಬಂದಿತ್ತು. ಅದನ್ನು ಮುಗಿಸಿದ ಕರ್ನಲ್‌ಗಳು ಬ್ರಿಗೇಡಿಯರ್ ಆಗುತ್ತಾರೆ, ಮುಗಿಸದವರು ಕರ್ನಲ್ ಆಗಿಯೇ ಪೆನ್ಷನ್ ತೆಗೆದುಕೊಳ್ಳುತ್ತಾರೆ. ವಯಸ್ಸು ನಲವತ್ತೇಳು, ಇದೇ ಕೊನೆಯ ಅವಕಾಶ. ಇಪ್ಪತ್ತೆಂಟಕ್ಕೊಂದು ಪರೀಕ್ಷೆ, ಮೂವತ್ತೆರಡಕ್ಕೊಂದು, ಮೂವತ್ತೊಂಬತ್ತಕ್ಕೆ ಮತ್ತೊಂದು ಎಂದು ಓದಿ ಓದಿ ಅವರು ಸುಸ್ತಾಗಿದ್ದರು. ಆದರೆ ತಮಗಿಂತ ಎರಡು ವರ್ಷ ಕಿರಿಯನೊಬ್ಬ ಈ ಕೋರ್ಸ್ ಮುಗಿಸಿ ಬ್ರಿಗೇಡಿಯರ್ ಆಗಿ ಹೋದ ತಿಂಗಳು ಎದುರಿಗೆ ಬಂದಿದ್ದ. ಅವನಿಗೆ ಸಲ್ಯೂಟ್ ಹೊಡೆಯುವಾಗ ತಮ್ಮ ಬಲಗೈ ಎಷ್ಟು ಭಾರವಿದೆ ಎಂದು ಅವರಿಗೆ ಮೊದಲ ಸಲ ಗೊತ್ತಾಗಿತ್ತು.

"ಏನಂತೆ ಸಾ?"

"ಕೋರ್ಸ್‌ಗೆ ಸೆಲೆಕ್ಟ್ ಆಗಿದೀನಿ ಕಣಯ್ಯ. ಒಂದ್ ವರ್ಷ ಓದ್ಬೇಕು."

"ಓದೋಕಾ? ಈ ವಯಸ್ನಾಗಾ?"

"ಹೂಂ ಮತ್ತೆ. ಪರೀಕ್ಷೆ, ಹೋಂವರ್ಕು, ಎಲ್ಲಾ ಇರ್ತದೆ!" ಎಂದು ಖುಷಿಯಲ್ಲಿ ನಕ್ಕರು. ಆ ನಗು ಅವರಿಗೆ ಬಲು ದುಬಾರಿಯಾಯಿತು.

ಒಪ್ಪಿಗೆ ಅವತ್ತು ನಾಲ್ಕು ಗಂಟೆಯೊಳಗೆ ದೆಹಲಿ ಮುಟ್ಟಬೇಕಿತ್ತು. 'ಕೋರ್ಸಿಗೆ ಸಿದ್ಧನಿದ್ದೇನೆ' ಎಂದು ಟೆಲಿಗ್ರಾಂ ಬರೆದು, ಅರ್ಜೆಂಟಾಗಿ ಹೊಡೆಸು ಎಂದು ಚಿಕ್ಕಮಾರಯ್ಯನ ಕೈಗೇ ಕೊಟ್ಟರು.

ಅವರು ಸ್ನಾನ ಮುಗಿಸಿ ಬರುವಷ್ಟರಲ್ಲಿ ಪಕ್ಕದ ಮನೆಯ ಗುಂಡಯ್ಯ ಮೇಷ್ಟ್ರು ಚಿಕ್ಕಮಾರಯ್ಯನಿಂದ ಸುದ್ದಿ ಕೇಳಿ ಬಂದು ಜಗಲಿಯಲ್ಲಿ ಕೂತಿದ್ದರು. ರಿಟೈರಾಗಿ ಹತ್ತು ವರ್ಷವಾಗಿದ್ದರೂ ಚನ್ನವೀರಯ್ಯನವರ ಪಾಲಿಗೆ ಅವರಿನ್ನೂ ರಿಟೈರಾಗಿರಲಿಲ್ಲ.

"ಯಾವ ಸಾಹೇಬ್ರ ಎದುರು ಮಾತಾಡ್ದೆ?" ಎಂದರು ಮೇಷ್ಟ್ರು.

"ಯಾರ್ ಎದುರೂ ಇಲ್ಲ ಸಾರ್. ಇದು ಪ್ರಮೋಷನ್ನಿಗೆ…"

"ಸುಮ್ನಿರೋ. ನಮ್ ಇಲಾಖೇಲಿ ಟ್ರೈನಿಂಗ್‌ಗೆ ಯಾರನ್ನ ಹಾಕೋರು ಅಂತ ನಂಗೊತ್ತಿಲ್ವಾ? ಕೆಲ್ಸ ಬರದವ್ರನ್ನ, ಇಲ್ಲಾ ಬಾಯಿ ಜೋರಿರೋರ್ನ. ನೀನು ಏಳನೇ ಕ್ಲಾಸಲ್ಲಿ ಮ್ಯಾಪಲ್ಲಿ ಕಾವೇರಿನ ಉತ್ತರಕ್ಕೆ ಹರಿಸಿದ್ದೋನು. ಈಗ್ಲೂ ಅಂಥದ್ದೇ ಏನೋ ಮಾಡಿರ್ತೀಯ ಬಿಡು."

ಇಪ್ಪತ್ತಾರು ವರ್ಷ ಮ್ಯಾಪು ನೋಡಿಕೊಂಡೇ ಬೆಟ್ಟ ಹತ್ತಿಳಿದಿದ್ದ ಕರ್ನಲ್ಲರು ತಲೆ ತಗ್ಗಿಸಿದರು.

ಅಷ್ಟರಲ್ಲಿ ಹಿತ್ತಿಲಿಂದ ತಾಯಿ ಸಿದ್ದಗಂಗಮ್ಮ ಬಂದರು. ಎಪ್ಪತ್ತನಾಲ್ಕಾದರೂ ಹಾರೆ ನೆಟ್ಟು, ಕಾಯಿ ಕುಕ್ಕಿ ದಿನಕ್ಕೆ ಐವತ್ತು ತೆಂಗಿನಕಾಯಿ ಸುಲಿಯುವ ಹೆಂಗಸು. ಈಗ ಮಾತ್ರ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು.

"ತಲೆ ನರೆತ ಮ್ಯಾಲೆ ಬೆಂಚ್ ಮ್ಯಾಲೆ ನಿಂತ್ಕೋತೀಯಾ ಮಗಾ? ನಾನು ಇದ್ನೆಲ್ಲಾ ನೋಡ್ಬೇಕಾ?"

"ಅವ್ವಾ, ಬೆಂಚ್ ಮೇಲೆ ಯಾರೂ ನಿಲ್ಸಲ್ಲ. ಇದಕ್ಕೆ ನೂರಾರು ಜನ ಕಾದವ್ರೆ."

"ಅಷ್ಟೊಂದು ಜನ ತಪ್ಪು ಮಾಡವ್ರಾ?" ಎಂದರು ತಾಯಿ.

ಹೆಂಡತಿ ಗಂಗಾಂಬಿಕೆ ಕಾಫಿಗೆ ಎಂದಿಗಿಂತ ಒಂದು ಚಮಚ ಸಕ್ಕರೆ ಹೆಚ್ಚು ಹಾಕಿ ಕೊಟ್ಟಳು. ಅದೇ ಅವರನ್ನು ಹೆಚ್ಚು ನೋಯಿಸಿತು.

ಹನ್ನೊಂದಕ್ಕೆ ಮೇಷ್ಟ್ರ ಮನೆಗೆ ಫೋನು ಬಂತು. ಆ ಸಾಲಿಗೆಲ್ಲ ಇದ್ದದ್ದು ಅದೊಂದೇ ಫೋನು. ಗಂಗಾಂಬಿಕೆಯ ತಮ್ಮ ಕಾಂತೇಶ್, ಕುಣಿಗಲ್ಲಿನಿಂದ.

"ಭಾವ, ಸ್ಟಾರ್ ಕಿತ್ಕೊಂಡ್ರಂತೆ? ಮೇಷ್ಟ್ರು ಹೇಳಿದ್ರು. ಯೋಚ್ನೆ ಮಾಡ್ಬೇಡಿ. ಹಿರೇಹಳ್ಳಿ ಫ್ಯಾಕ್ಟ್ರೀಲಿ ನಾನಿಲ್ವಾ? ಸೆಕ್ಯುರಿಟಿ ಆಫೀಸರ್ ಪೋಸ್ಟ್ ಖಾಲಿ ಇದೆ, ಮಾತಾಡ್ತೀನಿ."

"ನಾನು ಬ್ರಿಗೇಡಿಯರ್ ಆಗೋನು ಕಣೋ!"

"ಆಗ್ಲಿ ಭಾವ. ಪೋಸ್ಟ್ ಏನೂ ಎಲ್ಲೂ ಹೋಗಲ್ಲ."

ಫೋನಿಟ್ಟು, ಮನೆಯಲ್ಲಿದ್ದರೆ ಹುಚ್ಚು ಹಿಡಿಯುತ್ತದೆ ಎಂದು ತುಮಕೂರಿನ ಬಸ್ಸು ಹತ್ತಿದರು. ಶಿರಾ ಗೇಟಿನ ಅಂಗಡಿಯೊಂದರಲ್ಲಿ ನಾಲ್ಕು ದಪ್ಪ ನೋಟ್‌ಬುಕ್ಕು, ಸ್ಕೇಲು, ಮ್ಯಾಪ್ ಗುರುತು ಹಾಕಲು ಬಣ್ಣದ ಪೆನ್ಸಿಲ್ ಕೇಳಿದರು.

"ಮಗು ಎಷ್ಟನೇ ಕ್ಲಾಸು ಸಾರ್?" ಎಂದ ಅಂಗಡಿಯವನು.

ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ನಂಗೇ," ಎಂದರು. ಅಂಗಡಿಯವನು ಅವರ ಮೀಸೆ ನೋಡಿದ, ಪೆನ್ಸಿಲ್ ನೋಡಿದ, ಗಿಳಿಯ ಚಿತ್ರವಿದ್ದ ಲೇಬಲ್ಲುಗಳನ್ನು ಕಾಸು ತೆಗೆದುಕೊಳ್ಳದೆ ಕಟ್ಟಿಕೊಟ್ಟ.

ಸಂಜೆ ಐದಕ್ಕೆ ಗುಬ್ಬಿಗೆ ವಾಪಸ್ಸು ಬಂದರೆ ಮನೆಯಿಡೀ ಹೋಳಿಗೆಯ ಘಮ. ಜಗಲಿಯಲ್ಲಿ ಚಿಕ್ಕಮಾರಯ್ಯ ಎಲೆಯಡಿಕೆ ಹಾಕಿಕೊಂಡು ಕಾಲು ಚಾಚಿದ್ದ. ಕೊನೆಗೂ ಇವರಿಗೆ ಅರ್ಥವಾಯಿತಲ್ಲ ಎಂದು ಚನ್ನವೀರಯ್ಯನವರ ಕಣ್ಣು ತೇವವಾಯಿತು. ಅಷ್ಟರಲ್ಲಿ ಮೇಷ್ಟ್ರು, "ಡೆಲ್ಲಿ ಫೋನು, ಓಡಿ ಬಾ!" ಎಂದು ಕೂಗಿದರು.

ಮಾತಾಡಿದ್ದು ಕೋರ್ಸಿನ ಕಾಗದ ಕಳಿಸಿದ್ದ ಆಫೀಸಿನ ಮೇಜರ್.

"ಸರ್, ನಿಮ್ಮ ಎರಡೂ ಟೆಲಿಗ್ರಾಂ ಬಂದವು."

"ಎರಡಾ?"

"ಒಂದು, ಕೋರ್ಸಿಗೆ ಸಿದ್ಧ ಅಂತ. ಇನ್ನೊಂದು, ತಾಯಿ ಸೀರಿಯಸ್, ಮಗನನ್ನು ಎಲ್ಲೂ ಕಳಿಸಬೇಡಿ ಅಂತ. ಜನರಲ್ ಸಾಹೇಬರು ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಓದಿದರು ಸರ್. ತಾಯಿ ಹಾಸಿಗೆ ಹಿಡಿದಿದ್ದರೂ ಬರ್ತೀನಿ ಅಂತಾನಲ್ಲ, ಇಂಥವನನ್ನ ತಾಯಿಯಿಂದ ದೂರ ಮಾಡಬಾರದು ಅಂದರು. ಸೀಟು ಮುಂದಿನವರಿಗೆ ಹೋಯಿತು. ನಿಮಗೆ ಎರಡು ತಿಂಗಳು ಹೆಚ್ಚು ರಜೆ."

"ಮೇಜರ್, ಕೇಳಿ ಇಲ್ಲಿ, ನಮ್ಮ ತಾಯಿ…"

"ಸಾಹೇಬರಿಗೆ ಅವರು ಚೆನ್ನಾಗಿ ನೆನಪಿದ್ದಾರೆ ಸರ್. ಎಪ್ಪತ್ತೈದನೇ ಇಸವಿಯಲ್ಲಿ ನಿಮ್ಮ ಮೇಲಿನ ಕ್ಯಾಪ್ಟನ್ ಇವರೇ ಅಂತಲ್ಲ! ಆಗಲೂ ತಾಯಿ ಸೀರಿಯಸ್ ಅಂತ ಟೆಲಿಗ್ರಾಂ ಬಂದಿತ್ತಂತೆ, ಇವರೇ ಹತ್ತು ದಿನ ರಜೆ ಕೊಟ್ಟರಂತೆ. ಪಾಪ, ಇಪ್ಪತ್ತೆರಡು ವರ್ಷದಿಂದ ನರಳುತ್ತಿದ್ದಾರೆ ಅಂದರು. ಈಗ ಹೇಗಿದ್ದಾರೆ ಸರ್?"

ಆ ಹತ್ತು ದಿನದಲ್ಲಿ ಚನ್ನವೀರಯ್ಯನವರ ಮದುವೆಯಾಗಿತ್ತು. ಮದುವೆಗೆ ರಜೆ ಸಿಗಲಿಲ್ಲವೆಂದು ಮೇಷ್ಟ್ರಿಗೆ ಕಾಗದ ಬರೆದು ಆ ಟೆಲಿಗ್ರಾಂ ಹೊಡೆಸಿಕೊಂಡವರು ಅವರೇ. ಇವತ್ತಿನದು ಸುಳ್ಳೆಂದರೆ ಅವತ್ತಿನದೂ ಮೇಲೆ ಬರುತ್ತದೆ. ಕಿಟಕಿಯಾಚೆ, ಪಕ್ಕದ ಹಿತ್ತಿಲಲ್ಲಿ ಸಿದ್ದಗಂಗಮ್ಮ ಮೂರೇ ಏಟಿಗೆ ಕಾಯಿ ಸುಲಿದು ಪಕ್ಕಕ್ಕೆಸೆದರು.

"ಹಾಗೇ ಇದ್ದಾರೆ," ಎಂದು ಕರ್ನಲ್ಲರು ಫೋನಿಟ್ಟರು.

ಮೇಷ್ಟ್ರು ಬೆನ್ನು ತಟ್ಟಿದರು. "ನಿನ್ ಮದುವೇಲಿ ಬರೆದಿದ್ನೇ ಬರ್ದೆ ಕಣೋ, ಕೊನೇಗೆ ಕಳಿಸಬೇಡಿ ಅಂತ ಸೇರಿಸ್ದೆ, ಅಷ್ಟೆ. ನಿಮ್ಮವ್ವನೇ ಮುಂದೆ ಕೂತು ಬರೆಸಿದ್ಲು."

ಬೈಯಬೇಕೆನಿಸಿತು. ಆದರೆ ಮನೆಗೆ ಬರುವಷ್ಟರಲ್ಲಿ ತಾಯಿ ತಟ್ಟೆಯಲ್ಲಿ ಎರಡು ಹೋಳಿಗೆ, ಮೇಲೆ ತುಪ್ಪ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು. "ತಿನ್ನು ಮಗಾ. ಇನ್ನು ಯಾವ ಇಸ್ಕೂಲೂ ಬ್ಯಾಡ," ಎನ್ನುವಾಗ ಅವರ ಮುಖದಲ್ಲಿದ್ದ ನೆಮ್ಮದಿ ನೋಡಿ ಚನ್ನವೀರಯ್ಯನವರ ಕೋಪ ಗಂಟಲಲ್ಲೇ ಉಳಿಯಿತು. ಹೋಳಿಗೆಯೂ ಅಲ್ಲೇ ಸಿಕ್ಕಿಕೊಂಡಿತು. ನೀರು ಕುಡಿದು, ಮತ್ತೆ ಮೇಷ್ಟ್ರ ಮನೆಗೆ ಹೋಗಿ ಕುಣಿಗಲ್ಲಿಗೆ ಫೋನು ಮಾಡಿದರು.

"ಕಾಂತೇಶ, ಪೆನ್ಷನ್ ಆದ್ಮೇಲೆ ಅಂತ ಕೇಳ್ತಿದೀನಿ. ಆ ಸೆಕ್ಯುರಿಟಿ ಆಫೀಸರ್ ಕೆಲ್ಸ…"

"ಆಗ್ಲೇ ಮಾತಾಡಿ ಆಯ್ತು ಭಾವ! ನಿಮ್ಗೇ ಅಂತ ಇಟ್ಟಿರ್ತಾರೆ," ಎಂದ ಕಾಂತೇಶ್ ಹುರುಪಿನಿಂದ. "ಒಂದೇ ಒಂದು ವಿಷ್ಯ. ಮೊದ್ಲು ಮೂರ್ ತಿಂಗ್ಳು ಟ್ರೈನಿಂಗಿಗೆ ಕೂರ್ಬೇಕಂತೆ. ಕೊನೇಗೆ ಪರೀಕ್ಷೆ ಇರ್ತದಂತೆ."